ಒಮ್ಮೆ ಮಾತ್ರ ಹೇಳುವ ಎಚ್ಚರಿಕೆ

ಕುಠೇ ಉತರಣಾರ, ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಿರುವುದು ನನ್ನನ್ನೇ ಇರಬೇಕು, ಹಳದಿ ದುಪಟ್ಟಾದ ತುದಿ ನನ್ನ ಮೊಣಕಾಲಿಗೆ ತಾಗುತ್ತಿದೆ, ಬೆವರಿನ ವಾಸನೆ, ಮೊಗ್ರಾ ಹೂವಿನ ವಾಸನೆ, ಯಾರದೋ ಚೀಲದಿಂದ ಮೆಂತ್ಯ ಸೊಪ್ಪಿನ ವಾಸನೆ, ಡೋಂಬಿವಲಿ ಎಂದುಬಿಟ್ಟೆ, ಹುಟ್ಟಿದಾಗಿನಿಂದ ಬಾಯಿಗೆ ಅಂಟಿದ ಉತ್ತರ, ಯೋಚಿಸುವ ಮೊದಲೇ ಹೊರಗೆ ಬಿದ್ದಿರುತ್ತದೆ, ಅವಳು ತಲೆಯಾಡಿಸಿ ನನ್ನ ಸೀಟಿನ ಹಿಡಿಕೆಯ ಮೇಲೆ ಕೈಯಿಟ್ಟಳು, ಅಂದರೆ ಡೋಂಬಿವಲಿಯಿಂದ ಮುಂದೆ ಈ ಜಾಗ ಅವಳದ್ದು, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇದಕ್ಕಿಂತ ಗಟ್ಟಿಯಾದ ಕರಾರು ಬೇರೆ ಇಲ್ಲ — ಆದರೆ ನಾನು ಡೋಂಬಿವಲಿಯಲ್ಲಿ ಇಳಿಯುತ್ತೇನೆಯೇ, ಇಳಿಯುವವಳಾದರೆ ಬದಲಾಪುರದ ಗಾಡಿ ಯಾಕೆ ಹತ್ತಿದೆ, ಥಾಣೆಯಲ್ಲಿ ಇಂಡಿಕೇಟರ್ ನೋಡಿದ್ದು ನೆನಪಿದೆ, ಬದಲಾಪುರ ಫಾಸ್ಟ್ ಎಂದು ಓದಿದ್ದೂ ನೆನಪಿದೆ, ಹತ್ತಿರ ಇಳಿಯುವ ಡೋಂಬಿವಲಿಯವರು ದೂರದ ಬದಲಾಪುರದ ಗಾಡಿ ಹತ್ತಿ ಜಾಗ ತಿಂದರೆ ಬೈಸಿಕೊಳ್ಳಬೇಕು ಎನ್ನುವುದು ಈ ಲೈನಿನ ಮಕ್ಕಳಿಗೂ ಗೊತ್ತು, ಹಿಂದೆಯೇ ಕಲ್ಯಾಣ್ ಸ್ಲೋ ಇತ್ತು, ಕಾಯಬಹುದಿತ್ತು, ಕಾಯಲಿಲ್ಲ, ಕಾಲು ಹತ್ತಿತು, ತಲೆ ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ನಿಂತಿದೆ. ಮೂವತ್ತೆಂಟು ವರ್ಷದ ಹೆಂಗಸು, ಮಹಾಪೆಯ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಪ್ರೋಗ್ರಾಮರ್, ವನಮಾಲಾ ಮ್ಯಾಡಮ್ ಎಂದರೆ ಎಲ್ಲರಿಗೂ ಮರ್ಯಾದೆ, ತಾನು ಎಲ್ಲಿ ಇಳಿಯಬೇಕು ಎಂದು ತನಗೇ ಗೊತ್ತಿಲ್ಲ. ತೊಡೆಯ ಮೇಲೆ ಚೀಲ, ಚೀಲದೊಳಗೆ ಊಟದ ಖಾಲಿ ಡಬ್ಬ, ಕೊಡೆ, ಮತ್ತು ನಾಲ್ಕು ಮಡಿಕೆ ಮಾಡಿದ ಎರಡು ಹಾಳೆ. ಹಾಳೆ ಮೋಹನದಾಸರಿಗೆ, ಹಿಂದೆ ನಮ್ಮ ಆಫೀಸಿನಲ್ಲಿದ್ದವರು, ಅವರ ಮನೆ ಬದಲಾಪುರದಲ್ಲಿ, ಇಷ್ಟು ಮಾತ್ರ ಖಚಿತ.

ಕಳವಾ ಸೇತುವೆ, ಕೆಳಗೆ ಖಾಡಿಯ ಕಂದು ನೀರು, ಆಗಸ್ಟಿನ ಮೋಡ — ನಾನ್ನೂರ ಹನ್ನೆರಡು, ಮೂರು ವಾರದಿಂದ ಸ್ನಾನ ಮಾಡುವಾಗಲೂ ಇದೇ ಸಂಖ್ಯೆ, ನಮ್ಮ ಡೀಬಗರು ಬಾಯಿಬಿಟ್ಟು ತಪ್ಪಾಗಿದೆ ಎಂದು ಹೇಳುವ ಜಾಗಗಳು ಒಟ್ಟು ನಾನ್ನೂರ ಹನ್ನೆರಡು, ಡೀಬಗರ್ ಮ್ಹಣಜೇ ಕಾಯ, ಡೀಬಗರ್ ಅಂದರೆ ಏನು ಎಂದು ಮಾನಸಿ ಒಮ್ಮೆ ಕೇಳಿದ್ದಳು, ನಾನು ಮನೆಯಲ್ಲಿ ಕನ್ನಡದಲ್ಲಿ ಮಾತಾಡಿದರೂ ಮಗಳ ಪ್ರಶ್ನೆ ಉತ್ತರ ಎಲ್ಲ ಮರಾಠಿಯಲ್ಲೇ, ಇನ್ನೊಂದು ಪ್ರೋಗ್ರಾಮನ್ನು ಅರ್ಧದಲ್ಲಿ ತಡೆದು ನಿಲ್ಲಿಸಿ ಅದರ ಹೊಟ್ಟೆಯೊಳಗೆ ಏನಾಗಿದೆ ಎಂದು ನೋಡುವ ಪ್ರೋಗ್ರಾಮು, ಯಂತ್ರಗಳ ಬೋರ್ಡಿನಲ್ಲಿರುವ ಚಿಪ್ಪಿನೊಳಗೆ ಹೊಸ ಪ್ರೋಗ್ರಾಮನ್ನು ಬರೆಯುವುದೂ ಅದೇ ಎಂದಿದ್ದೆ, ಮ್ಹಣಜೇ ಡಾಕ್ಟರ್ ಎಂದಳು, ಹಾಗೇ ಅನ್ನು ಎಂದೆ. ಡಾಕ್ಟರಿನ ಬಾಯಿ ಮಾತ್ರ ಹೊಲಸು. ಬಂದುಹೋದ ಒಬ್ಬೊಬ್ಬ ಪ್ರೋಗ್ರಾಮರೂ ತನಗೆ ತೋಚಿದಂತೆ ಬರೆದಿಟ್ಟಿದ್ದಾನೆ, ಒಬ್ಬ ಪ್ರತಿ ಮಾತಿಗೂ ಮೂರು ಮೂರು ಉದ್ಗಾರ ಚಿಹ್ನೆ ಹಾಕಿ ಕಿರುಚಿದ್ದಾನೆ, ಒಬ್ಬ ಇಲ್ಲಿಗೆ ಯಾವತ್ತೂ ಬರಲು ಸಾಧ್ಯವಿಲ್ಲ ಎಂದು ಬರೆದಿದ್ದಾನೆ, ಅದು ದಿನಕ್ಕೆ ಎರಡು ಸಲ ಬರುತ್ತದೆ, ಇನ್ನೊಬ್ಬ ಪುಣ್ಯಾತ್ಮ ಬರೀ ಕುಛ್ ಗಡ್‌ಬಡ್ ಹೈ, ಏನೋ ಎಡವಟ್ಟಾಗಿದೆ ಎಂದು ಬರೆದು ಕೆಲಸ ಬಿಟ್ಟು ಹೋಗಿದ್ದಾನೆ, ಹೊರದೇಶದ ಗಿರಾಕಿ ಅದರ ಅರ್ಥ ಕೇಳಿ ಮೇಲ್ ಹಾಕಿದಾಗ ಹೃಷೀಕೇಶ ನನ್ನನ್ನು ಕ್ಯಾಬಿನ್ನಿಗೆ ಕರೆದರು, ನಮ್ಮ ಮ್ಯಾನೇಜರು, ಮೈಸೂರಿನವರು, ಮಾತು ಬೆಣ್ಣೆ, ನೋಡಿ ವನಮಾಲಾ, ಈ ಕೆಲ್ಸ ನಿಮಗೇ ಸರಿ, ಮನೆ ಗುಡಿಸ್ತೀರಲ್ಲ ಹಾಗೇ ಒಂದ್ಸಲ ನೀಟಾಗಿ ಗುಡಿಸಿಬಿಡಿ. ಸಿಟ್ಟು ಬಂದಿತ್ತು, ಗುಡಿಸುವುದಕ್ಕೆ ಹೆಂಗಸೇ ಬೇಕೇ ಎಂದು ಕೇಳಬೇಕೆನಿಸಿತ್ತು, ಸರಿ ಎಂದು ಬಂದೆ. ನಿಯಮ ನಾನೇ ಮಾಡಿದ್ದು, ಎರಡೇ ಜಾತಿ, ಒಂದು ತಪ್ಪು, ಅದು ಬಂದರೆ ಕೆಲಸ ಅಲ್ಲೇ ನಿಲ್ಲಬೇಕು, ಇನ್ನೊಂದು ಎಚ್ಚರಿಕೆ, ಅದನ್ನು ಹೇಳಿ ಮುಂದೆ ಹೋಗಬಹುದು, ಉದ್ಗಾರ ಇಲ್ಲ, ಬೈಗುಳ ಇಲ್ಲ, ಎಲ್ಲಿ ಏನಾಯಿತು ಎಂದು ಒಂದೇ ಸಾಲು. ಒಂದೊಂದನ್ನೂ ಎತ್ತಿ ನೀನು ನಿಲ್ಲಿಸುವವನೋ ಹೇಳಿ ಬಿಡುವವನೋ ಎಂದು ಕೇಳಿ ಅದರದರ ಬುಟ್ಟಿಗೆ ಹಾಕುವುದು, ಕೆಲಸ ಚೆನ್ನಾಗಿ ಸಾಗುತ್ತಿತ್ತು.

ಪಾರ್ಸಿಕ್ ಸುರಂಗ, ಕಿವಿ ಮುಚ್ಚಿತು, ಹೆಂಗಸರ ಮಾತೆಲ್ಲ ಒಮ್ಮೆಲೇ ನಿಂತಿತು, ಕಿಟಕಿಯಲ್ಲಿ ನನ್ನದೇ ಮುಖ, ಅದರ ಹಿಂದೆ ಹಳದಿ — ಇನ್ನೂರ ಎಂಬತ್ತೇಳನೆಯದು, ಇವತ್ತು ಊಟವಾದ ಮೇಲೆ ಸಿಕ್ಕಿದ್ದು, ಚಿಪ್ಪಿಗೆ ಬರೆದದ್ದು ಸರಿಯಾಗಿ ಕೂತಿಲ್ಲ ಎಂದು ಹೇಳಬೇಕಾದ ಎಚ್ಚರಿಕೆ, ಅದರ ಸುತ್ತ ಒಂಬತ್ತು ಸಾಲಿನ ಬೇಲಿ, ಈ ಎಚ್ಚರಿಕೆಯನ್ನು ಮೊದಲೇ ಒಂದು ಸಲ ಹೇಳಿದ್ದೀಯಾ, ಹೇಳಿದ್ದರೆ ಸುಮ್ಮನಿರು, ಹೇಳಿಲ್ಲವಾದರೆ ಹೇಳು, ಹೇಳಿದ್ದೇನೆ ಎಂದು ನೆನಪಿಟ್ಟುಕೋ. ಸರಿ, ಆದರೆ ಆ ನೆನಪನ್ನು ಅಳಿಸುವುದು ಎಲ್ಲಿ, ಒಂದು ಬೋರ್ಡು ತೆಗೆದು ಇನ್ನೊಂದು ಜೋಡಿಸಿದಾಗ ಅಳಿಸಬೇಕಲ್ಲ, ಹುಡುಕಿದೆ, ಇಲ್ಲ, ಎಲ್ಲೂ ಇಲ್ಲ, ಅಂದರೆ ಮೊದಲ ಬೋರ್ಡಿಗೆ ಹೇಳಿದ ಮಾತನ್ನೇ ನೆನಪಿಟ್ಟುಕೊಂಡು ಎರಡನೆಯ ಬೋರ್ಡಿಗೆ ಇದು ಬಾಯಿ ಬಿಡುವುದಿಲ್ಲ, ಯಾವ ಕತ್ತೆ ಬರೆದದ್ದು ಎಂದು ಜೋರಾಗಿಯೇ ಅಂದಿರಬೇಕು, ಪಕ್ಕದವರು ನಕ್ಕರು. ಒಂದೊಂದು ಸಾಲನ್ನೂ ಯಾರು ಯಾವತ್ತು ಬರೆದರು ಎಂದು ತೋರಿಸುವ ಆಜ್ಞೆ ಇದೆ, ಒತ್ತಿದೆ, ವನಮಾಲಾ, ವನಮಾಲಾ, ವನಮಾಲಾ, ಒಂಬತ್ತು ಸಾಲಿಗೂ ಒಂದೇ ಹೆಸರು, ಎರಡು ಸಾವಿರದ ಐದನೆಯ ಇಸವಿ, ಜುಲೈ ಇಪ್ಪತ್ತೈದು. ಇನ್ನೊಬ್ಬಳು ವನಮಾಲಾ ಇದ್ದಳೇ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ, ನಗಬೇಕು. ಇರಲಿಲ್ಲ. ನಾನೇ ಆ ಕತ್ತೆ.

ಬೆಳಕು, ಮುಂಬ್ರಾದ ಗುಡ್ಡ, ಗುಡ್ಡದ ಮೇಲಿಂದ ಬಿಳಿ ನೀರು, ಮಾತು ಮತ್ತೆ ಶುರುವಾಯಿತು — ಜುಲೈ ಇಪ್ಪತ್ತೈದು, ಒಬ್ಬ ಗಿರಾಕಿ ದೂರು ಕೊಟ್ಟಿದ್ದ, ಒಂದೇ ಎಚ್ಚರಿಕೆ ಇನ್ನೂರು ಸಲ ಬಂದು ಪರದೆ ತುಂಬುತ್ತದೆ ಎಂದು, ಒಂದ್ಸಲ ಹೇಳಿದ್ರೆ ಸಾಕಲ್ವಾ ವನಮಾಲಾ, ಅಷ್ಟು ಸದ್ದು ಯಾಕೆ ಎಂದಿದ್ದರು ಹೃಷೀಕೇಶ, ಮಧ್ಯಾಹ್ನ ಕೂತು ಬರೆದೆ, ಆಕಾಶ ಕಪ್ಪಾಗಿತ್ತು, ಮಾನಸಿಗೆ ಎಂಟು ವರ್ಷ, ಬೇಗ ಹೊರಡಬೇಕಿತ್ತು. ಬರೆದದ್ದನ್ನು ಇನ್ನೊಬ್ಬರು ಓದಿ ನೋಡಿದ ಮೇಲೆಯೇ ಒಳಗೆ ಸೇರಿಸಬೇಕು ಎಂಬುದು ನಿಯಮ, ನೋಡಿದವರು ಎನ್ನುವ ಕಡೆ ಹೆಸರು ತುಂಬದಿದ್ದರೆ ಸಿಸ್ಟಮ್ ಒಪ್ಪುವುದಿಲ್ಲ, ನಿಯಮ ಗೋಡೆಯ ಮೇಲೆ, ನಮ್ಮ ರೂಢಿ ಬೇರೆ, ಹೆಸರು ಇವತ್ತು ತುಂಬಿ ಸೇರಿಸಿಬಿಡುವುದು, ಅವರು ನಾಳೆ ನೋಡುತ್ತಾರೆ, ಎಲ್ಲರೂ ಹಾಗೆಯೇ ಮಾಡುತ್ತಿದ್ದೆವು, ನಾನು ಮೋಹನದಾಸ ಎಂದು ತುಂಬಿದೆ, ಯಾಕೆಂದರೆ ನಾಳೆ ಎಂದರೆ ನಾಳೆಯೇ ಕೂತು ನಿಜವಾಗಿ ಓದುವವರು ಇಡೀ ಆಫೀಸಿನಲ್ಲಿ ಅವರೊಬ್ಬರೇ, ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ, ನೋಡಿದ್ದರೆ ಹಿಡಿಯುತ್ತಿದ್ದರು, ಹಿಡಿದೇ ಹಿಡಿಯುತ್ತಿದ್ದರು. ಆ ನಾಳೆ ಮಹಾಮಳೆಯ ದಿನ. ಗಾಡಿ ಇಲ್ಲ, ಫೋನಿಲ್ಲ, ಬದಲಾಪುರದಲ್ಲಿ ನದಿ ಓಣಿಗೆ ಬಂದಿತ್ತು, ಆಗ ಕೆಳಮಹಡಿಯ ಮನೆಯಲ್ಲಿದ್ದ ಮೋಹನದಾಸರೂ ಅವರ ಹೆಂಡತಿ ಸರಳಕ್ಕನೂ ಎರಡು ದಿನ ಮೇಲಿನ ಮನೆಯವರ ಅಡುಗೆಕೋಣೆಯಲ್ಲಿ ಕೂತಿದ್ದರು, ಅವರು ಆಫೀಸಿಗೆ ಬಂದದ್ದು ಎಂಟು ದಿನ ಬಿಟ್ಟು, ಕಾಲಿಗೆ ಹುಣ್ಣಾಗಿತ್ತು, ನಾನು ಹುಣ್ಣಿನ ಬಗ್ಗೆ ಕೇಳಿದೆ, ಆ ಒಂಬತ್ತು ಸಾಲಿನ ಬಗ್ಗೆ ಹೇಳಲು ಮರೆತೆ. ಮಳೆಯ ತಪ್ಪು ಎನ್ನಬಹುದು, ಎನ್ನಬಹುದೇ, ಮಳೆ ಅವರ ಹೆಸರು ತುಂಬಲಿಲ್ಲ.

ಆಮೇಲೆ ಸೆಪ್ಟೆಂಬರ್, ಗಣಪತಿ ಮುಳುಗಿಸಿ ವಾರವಾಗಿರಬೇಕು, ವಾಗಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲಿಫ್ಟ್ ತಯಾರಿಸುವ ಒಬ್ಬ ಗಿರಾಕಿ, ಹಳೆಯ ಪ್ರೋಗ್ರಾಮಿನಲ್ಲಿ ಲಿಫ್ಟು ಮೇಲಿನ ಮಹಡಿಯಲ್ಲಿ ಸರಿಯಾಗಿ ನಿಲ್ಲುತ್ತಿರಲಿಲ್ಲ, ಹೊಸದನ್ನು ಬೋರ್ಡುಗಳಿಗೆ ಬರೆದುಕೊಡಲು ಮೋಹನದಾಸರು ಹೋದರು, ಮೊದಲ ಬೋರ್ಡಿಗೆ ಎಚ್ಚರಿಕೆ ಬಂತು, ಬರೆದದ್ದು ಕೂತಿಲ್ಲ ಎಂದು, ಅದನ್ನು ತೆಗೆದು ಬದಿಗಿಟ್ಟರು, ಎರಡನೆಯದು ಜೋಡಿಸಿದರು, ಏನೂ ಬರಲಿಲ್ಲ, ಸರಿ ಎಂದು ಕೊಟ್ಟರು. ಅದರಲ್ಲೂ ಕೂತಿರಲಿಲ್ಲ, ಒಳಗೆ ಹಳೆಯದೇ ಇತ್ತು, ಲಿಫ್ಟು ನಿಲ್ಲದೆ ಮೇಲೆ ಹೋಯಿತು, ಮೇಲೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕಿನ ಕಾಲು ಮುರಿಯಿತು. ಮೋಹನದಾಸರು ಲ್ಯಾಪ್‌ಟಾಪನ್ನು ಮುಚ್ಚಲೇ ಇಲ್ಲ, ಮುಚ್ಚಿದರೆ ಪರದೆಯ ಮೇಲಿರುವುದು ಹೋದೀತು ಎಂದು ವಾಗಳೆ ಎಸ್ಟೇಟಿನಿಂದ ಮಹಾಪೆಯವರೆಗೆ ರಿಕ್ಷಾದಲ್ಲಿ ತೆರೆದೇ ಹಿಡಿದುಕೊಂಡು ಬಂದರು, ಬಿಸಿ ಪಾತ್ರೆ ಹಿಡಿದವರಂತೆ ಎರಡೂ ಕೈಯಲ್ಲಿ, ಅಂಗಿಯ ಬೆನ್ನು ಪೂರ್ತಿ ಒದ್ದೆ, ಮೀಟಿಂಗ್ ರೂಮಿನ ಮೇಜಿನ ಮೇಲಿಟ್ಟು ತೋರಿಸಿದರು, ತೋರುಬೆರಳು, ಉಗುರು ನಡುವೆ ಸೀಳಿದ್ದು, ಯಾವಾಗಲೋ ಗಾಡಿಯ ಬಾಗಿಲಿಗೆ ಸಿಕ್ಕಿದ್ದಂತೆ, ಆ ಬೆರಳನ್ನು ಪರದೆಯ ಮೇಲೆ ಇಟ್ಟರು, ಇದು ನೋಡಿ ಮೊದಲ್ನೇ ಬೋರ್ಡು, ಇಲ್ಲಿ ವಾರ್ನಿಂಗ್ ಉಂಟು, ಇದು ಎರಡನೇದು, ಬೆರಳು ಕೆಳಗೆ ಜಾರಿತು, ಬರೆದು ಮುಗಿಯಿತು ಎಂಬ ಸಾಲು, ಅದರ ಕೆಳಗೆ ಒಂದು ಖಾಲಿ ಸಾಲು, ಬೆರಳು ಅಲ್ಲಿ ನಿಂತಿತು, ಇಲ್ಲಿ ಎಂತದೂ ಬರ್ಲಿಲ್ಲ. ಹೃಷೀಕೇಶ ನನ್ನ ಕಡೆ ತಿರುಗಿದರು, ವನಮಾಲಾ, ಸರಿಯಾಗಿ ಕೂತಿಲ್ಲ ಅಂದ್ರೆ ವಾರ್ನಿಂಗ್ ಬರುತ್ತಲ್ವಾ. ಬರುತ್ತೆ ಎಂದೆ. ಹಾಳು ಬಾಯಿ. ನನ್ನ ಮೆಷೀನಿನಲ್ಲಿ ಹೊಸದಾಗಿ ಶುರುಮಾಡಿ ಓಡಿಸಿ ತೋರಿಸಿದೆ, ಬಂತು, ಬಾರದೆ ಏನು, ಮೊದಲ ಸಲವಲ್ಲವೇ, ಎಲ್ಲರೂ ನೋಡಿದರು, ತಲೆಯಾಡಿಸಿದರು, ಮೋಹನದಾಸರೊಬ್ಬರು ನನ್ನ ಪರದೆ ನೋಡಲಿಲ್ಲ, ತಮ್ಮ ಬೆರಳನ್ನೇ ನೋಡುತ್ತಿದ್ದರು, ಆಮೇಲೆ ನಿಧಾನವಾಗಿ, ಹಾಗಾದ್ರೆ ನಾನೇ ಎಂತದೋ ನೋಡದೆ ಬಿಟ್ಟೆನೋ ಏನೋ ಮಾರಾಯ್ತಿ, ವನಮಾಲಾ ಹೇಳಿದ್ರೆ ಸರಿಯೇ ಇರ್ತದೆ ಎಂದರು. ದೀಪಾವಳಿಗೆ ಮೊದಲು ಅವರನ್ನು ಕೆಲಸದಿಂದ ಬಿಡಿಸಿದರು.

ಖಾಲಿ ಸಾಲು. ಅದು ಅಲ್ಲಿ ಯಾಕಿತ್ತು ಎಂದು ಅವತ್ತು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಖಾಲಿ ಸಾಲಿಗೆ ಯಾರು ಬೆಲೆ ಕೊಡುತ್ತಾರೆ, ಇವತ್ತು ಮೂರು ಗಂಟೆಗೆ ಗೊತ್ತಾಯಿತು, ಮಾತನ್ನು ಬೇಲಿಯೊಳಗೆ ಹಾಕಿದವಳು ಮಾತಿನ ಕೊನೆಯಲ್ಲಿ ಸಾಲು ಮುಗಿಸುವುದನ್ನು ಬೇಲಿಯ ಹೊರಗೆ ಬಿಟ್ಟಿದ್ದೇನೆ, ಅಂದರೆ ಮಾತನ್ನು ನುಂಗಿದಾಗಲೂ ಅದರ ಸಾಲು ಮಾತ್ರ ಬೀಳುತ್ತದೆ, ಖಾಲಿಯಾಗಿ, ಆ ಖಾಲಿ ಸಾಲೇ ನುಂಗಿದ್ದರ ಗುರುತು, ಅವರ ಬೆರಳು ಸರಿಯಾಗಿ ಅದರ ಮೇಲೆಯೇ ಇತ್ತು, ಒಂದಂಗುಲ ಮೇಲಲ್ಲ, ಒಂದಂಗುಲ ಕೆಳಗಲ್ಲ. ಮೊದಲ್ನೇದಕ್ಕೆ ಬಂತು ಎರಡನೇದಕ್ಕೆ ಬರ್ಲಿಲ್ಲ ಎಂದು ಅಚ್ಚುಕಟ್ಟಾಗಿ ಹೇಳಿದ್ದರಲ್ಲ ಮನುಷ್ಯ, ಇನ್ನೇನು ಹೇಳಬೇಕಿತ್ತು, ಆ ಮಾತಿನಿಂದಲೇ ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಿತ್ತೇ, ಎಲ್ಲೋ ಒಂದು ಕ್ಷಣ ಆ ಒಂಬತ್ತು ಸಾಲು ನೆನಪಾಗಿ ಹೆದರಿ ಮುಚ್ಚಿಟ್ಟೆನೇ, ಇಲ್ಲ, ಮರೆತಿದ್ದೆ, ನಿಜವಾಗಿ ಮರೆತಿದ್ದೆ, ಎರಡು ತಿಂಗಳ ಹಿಂದೆ ಬರೆದದ್ದು ಮರೆಯುತ್ತದೆಯೇ, ಮರೆಯುತ್ತದೆ, ಮನೆ, ಮಗು, ಗಾಡಿ, ಗೊತ್ತಿಲ್ಲ, ಎಷ್ಟು ಕೆದಕಿದರೂ ಗೊತ್ತಾಗುತ್ತಿಲ್ಲ, ನನ್ನ ನೆನಪಿಗೆ ಬರೆದವರು ಯಾರು ಎಂದು ತೋರಿಸುವ ಆಜ್ಞೆ ಇಲ್ಲ. ಅವರು ಮಾತ್ರ ಏಳು ವರ್ಷದಿಂದ ತಮ್ಮ ಕಣ್ಣನ್ನು ನಂಬುತ್ತಿಲ್ಲ. ಕಂಪ್ಯೂಟರಿನ ಮುಂದೆ ಮತ್ತೆ ಕೂರಲಿಲ್ಲ, ಮನೆಯಲ್ಲಿ ಒಂಬತ್ತನೇ ಕ್ಲಾಸಿನವರಿಗೆ ಲೆಕ್ಕ ಹೇಳಿಕೊಡುತ್ತಾರೆ, ಹೋದ ವರ್ಷ ಡೋಂಬಿವಲಿಯ ಕನ್ನಡ ಸಂಘದ ಹಾಲ್‌ನಲ್ಲಿ ಸಿಕ್ಕಿದ್ದರು, ಬಹುಮಾನ ಬಂದ ಮಕ್ಕಳ ಹೆಸರು ಓದಲು ಅವರಿಗೆ ಹೇಳಿದ್ದರು, ಹನ್ನೊಂದೇ ಹೆಸರು, ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದು ಹೆಸರನ್ನೂ ಎರಡೆರಡು ಸಲ ನೋಡಿ ಓದಿದರು, ಹಿಂದಿನ ಸಾಲಿನ ಹುಡುಗಿಯರು ನಕ್ಕರು, ಸರಳಕ್ಕ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ, ಮೂರು ಡಾಕ್ಟ್ರಿಗೆ ತೋರ್ಸಿದ್ದು ವನಮಾಲಾ, ಮೂರು ಜನವೂ ಕಣ್ಣು ಸರಿ ಉಂಟು ಅಂತಾರೆ, ಇವ್ರು ನಂಬೂದಿಲ್ಲ, ಲಿಫ್ಟಿನ ಹುಡ್ಗನ ಕಾಲು ನನ್ನ ಕಣ್ಣಿಂದ ಹೋದದ್ದು ಅಂತಲೇ ಹೇಳ್ತಾರೆ. ಮೊನ್ನೆ ಭಾನುವಾರ ಮತ್ತೆ ಸರಳಕ್ಕನ ಫೋನು, ನಾಲ್ಕನೇ ಡಾಕ್ಟ್ರು ಒಬ್ರು ಸಿಕ್ಕಿದ್ದಾರೆ, ಸ್ವಲ್ಪ ಪೊರೆ ಉಂಟು, ಬೇಕಾದ್ರೆ ಆಪರೇಷನ್ ಮಾಡ್ಬಹುದು ಅಂದ್ರಂತೆ, ಬೇಕಾದ್ರೆ ಅಂದದ್ದು ಇವ್ರಿಗೆ ಕೇಳ್ಲೇ ಇಲ್ಲ, ಗುರುವಾರಕ್ಕೆ ದಿನ ತಕೊಂಡು ಬಂದಿದ್ದಾರೆ, ನೀನೊಂದು ಮಾತು ಹೇಳು, ನಿನ್ನ ಮಾತು ಕೇಳ್ತಾರೆ. ನೋಡುತ್ತೇನೆ ಎಂದಿದ್ದೆ. ಇವತ್ತು ಮಂಗಳವಾರ.

ಪುಢೀಲ ಸ್ಟೇಶನ್ ಡೋಂಬಿವಲಿ ಎಂದು ಮೇಲಿನಿಂದ ದನಿ, ಹಳದಿ ದುಪಟ್ಟಾ ಹತ್ತಿರ ಸರಿಯಿತು, ಬಾಗಿಲ ಕಡೆ ನೂಕು ಶುರುವಾಗಿದೆ, ಏಳಬೇಕು, ಈಗ ಏಳಬೇಕು — ಹೃಷೀಕೇಶರ ಕ್ಯಾಬಿನ್, ಮೂರೂವರೆ, ಎರಡೂ ಹಾಳೆ ಮುಂದಿಟ್ಟೆ, ಒಂದು ಹಳೆಯ ಡೀಬಗರಿನಲ್ಲಿ ಎರಡು ಬೋರ್ಡು ಓಡಿಸಿದ್ದು, ಒಂದು ಸರಿಮಾಡಿದ ಮೇಲಿನದು, ಅವರು ನೋಡಿದರು, ಕುರ್ಚಿ ಹಿಂದಕ್ಕೆ ಒರಗಿತು, ಏಳು ವರ್ಷ ಆಯ್ತಲ್ಲ ವನಮಾಲಾ, ಈಗ ಯಾಕೆ ಬೇಕು ಅದು, ಸರಿ ಮಾಡಿದ್ದೀರಲ್ಲ, ಒಳ್ಳೇದಾಯ್ತು, ಬದಲಾವಣೆಯ ನೋಟಿನಲ್ಲಿ ಕ್ಲೀನಪ್ ಅಂತ ಒಂದು ಪದ ಬರೀರಿ ಸಾಕು. ಮೋಹನದಾಸರಿಗೆ ಹೇಳಬೇಡವೇ ಎಂದೆ. ಹೇಳಿ ಏನು ಮಾಡ್ತೀರಿ, ಅವರ ಮನಸ್ಸು ಕೆಡಿಸ್ತೀರಿ ಅಷ್ಟೇ, ಆಮೇಲೆ ಆ ಗಿರಾಕಿ ಎದ್ದು ಕೂರ್ತಾನೆ, ಅಲ್ಲದೆ ನೋಡಿದವರು ಅಂತ ಅವರದ್ದೇ ಹೆಸರಿದೆಯಲ್ಲ, ಇಲ್ನೋಡಿ, ರೆಕಾರ್ಡ್ ಪ್ರಕಾರ ಅವರೂ ಇದನ್ನ ನೋಡಿ ಒಪ್ಪಿದ್ದಾರೆ. ಹೆಸರು ತುಂಬಿದ್ದು ನಾನು ಎಂದೆ. ಹೌದಾ, ಅದಕ್ಕೆ ಏನಾದ್ರೂ ಪುರಾವೆ ಇದೆಯಾ ಎಂದರು, ಬೆಣ್ಣೆಯ ದನಿಯಲ್ಲೇ, ನನ್ನ ತಪ್ಪಿಗೆ ನನ್ನ ಹತ್ತಿರವೇ ಪುರಾವೆ ಕೇಳುತ್ತಾರೆ, ನನ್ನನ್ನು ಉಳಿಸುತ್ತಿದ್ದಾರೋ ತಮ್ಮನ್ನೋ ಎಂದು ಗೊತ್ತಾಗಲಿಲ್ಲ, ಸೀಟಿಗೆ ಬಂದು ಕ್ಲೀನಪ್ ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಅಳಿಸಿದೆ, ಹಾಗೇ ಬಿಟ್ಟು ನಾಲ್ಕು ಗಂಟೆಗೇ ಎದ್ದುಬಂದೆ, ಜೀವಮಾನದಲ್ಲಿ ಮೊದಲ ಸಲ ಹೇಳದೆ ಕೇಳದೆ — ಡೋಂಬಿವಲಿ, ನಮ್ಮ ಪ್ಲಾಟ್‌ಫಾರ್ಮು, ವಡಾಪಾವಿನ ಎಣ್ಣೆ, ಸೇತುವೆಯ ಮೆಟ್ಟಿಲು, ಇಳಿದರೆ ಹತ್ತು ನಿಮಿಷಕ್ಕೆ ಮನೆ, ಫೋನ್ ಮಾಡಿ ಹೇಳಿದರಾಯಿತು, ಫೋನಿನಲ್ಲಿ ಖಾಲಿ ಸಾಲನ್ನು ತೋರಿಸುವುದು ಹೇಗೆ, ನಾಳೆ ಬಂದರಾಯಿತು, ನಾಳೆ, ನಾಳೆ ನೋಡುತ್ತಾರೆ, ಅದೇ ನಾಳೆ. ಗಾಡಿ ಹೊರಟಿತು. ನಾನು ಕೂತೇ ಇದ್ದೇನೆ.

ಡೋಂಬಿವಲಿ ಮ್ಹಣಾಲಾತ ನಾ ಎಂದಳು ಹಳದಿ ದುಪಟ್ಟಾದವಳು, ಡೋಂಬಿವಲಿ ಎಂದಿರಲ್ಲ, ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ನೋವಿತ್ತು, ಡೋಂಬಿವಲಿಯಲ್ಲಿ ಖಾಲಿಯಾದ ಮುಂದಿನ ಸೀಟು ಬೇರೆಯವಳಿಗೆ ಸಿಕ್ಕಿತ್ತು, ನನ್ನ ಮಾತು ನಂಬಿ ಇವಳು ಅದನ್ನು ಕೇಳಿರಲಿಲ್ಲ, ಸುತ್ತಲಿನವರು ನನ್ನನ್ನು ನೋಡುತ್ತಿದ್ದಾರೆ, ಒಬ್ಬಳು ನಿದ್ದೆ ಮಾಡಿದಿರೋ ಏನೋ ಎಂದು ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಳು, ಹೌದು ಎಂದರೆ ಮುಗಿಯುತ್ತಿತ್ತು, ಇಲ್ಲ, ತಪ್ಪು ಹೇಳಿದೆ, ನಾನು ಬದಲಾಪುರಕ್ಕೆ ಹೋಗಬೇಕು, ಕ್ಷಮಿಸಿ ಎಂದೆ, ಮರಾಠಿಯಲ್ಲಿ, ಎದ್ದು ನಿಂತೆ, ಕೂತ್ಕೊಳ್ಳಿ ಎಂದೆ, ಅವಳು ಕೂರಲಿಲ್ಲ, ನಾನೂ ಕೂರಲಿಲ್ಲ, ಕಲ್ಯಾಣ್ ಬರುವವರೆಗೆ ಸೀಟು ಖಾಲಿಯೇ ಇತ್ತು, ಬದಲಾಪುರದ ಗಾಡಿಯಲ್ಲಿ ಖಾಲಿ ಸೀಟು. ಇಷ್ಟು ಸುಲಭವೇ, ತಪ್ಪು ಹೇಳಿದೆ ಎನ್ನುವುದು. ಫೋನು, ಮಾನಸಿ, ಆಯೀ, ಕುಠೇ ಆಹೇಸ, ಎಲ್ಲಿದ್ದೀಯಾ ಅಮ್ಮಾ, ಬರಲು ತಡವಾಗುತ್ತದೆ ಮಗಾ, ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ, ಕುಠೇ ಚಾಲಲೀಸ್, ಮೋಹನದಾಸ ಅಂಕಲ್ ಮನೆಗೆ, ಕಶಾಲಾ, ಯಾಕೆ, ಯಾಕೆ ಎಂದು ಹದಿನೈದು ವರ್ಷದ ಮಗಳಿಗೆ ಏನು ಹೇಳಲಿ, ಅವರ ಕಣ್ಣು ಸರಿ ಇದೆ ಎಂದು ಹೇಳಲಿಕ್ಕೆ ಎಂದೆ, ಅವಳಿಗೆ ಏನು ಅರ್ಥವಾಯಿತೋ, ಬರಂ, ಸರಿ ಎಂದಳು, ಫೋನಿಟ್ಟಳು.

ಉಲ್ಲಾಸನಗರ, ಅಂಬರನಾಥ, ಗಾಡಿ ಹಗುರಾಗುತ್ತಿದೆ, ಏನೆಂದು ಶುರುಮಾಡುವುದು, ನಿಮ್ಮ ಕಣ್ಣು ಸರಿ ಇತ್ತು ಎಂದೇ, ನಾನು ಬರೆದದ್ದು ಎಂದೇ, ನಿಮ್ಮ ಹೆಸರು ನಾನೇ ಹಾಕಿದ್ದು ಎಂದೇ, ಯಾವುದು ಮೊದಲು, ಯಾವುದನ್ನು ಹೇಳಿದರೆ ಅವರು ನಿಲ್ಲುತ್ತಾರೆ, ಯಾವುದನ್ನು ಹೇಳಿ ಮುಂದೆ ಹೋಗಬಹುದು, ನಾನ್ನೂರ ಹನ್ನೆರಡಕ್ಕೆ ಬುಟ್ಟಿ ಹುಡುಕಿದವಳಿಗೆ ಇದೊಂದಕ್ಕೆ ಬುಟ್ಟಿ ಸಿಗುತ್ತಿಲ್ಲ, ಒಂದು ವೇಳೆ ಅವರು ಅತ್ತರೆ, ಒಂದು ವೇಳೆ ಸಿಟ್ಟಾದರೆ, ಆಗಲಿ, ಆಗಬೇಕು, ಅವರು ಸಿಟ್ಟಾಗದೆ ಹೋದರೇ ನಾನು ತಡೆಯಲಾರೆ, ಹೋಗಲಿ ಬಿಡು ಮಾರಾಯ್ತಿ ಎಂದುಬಿಟ್ಟರೆ ಏನು ಮಾಡಲಿ, ಬದಲಾಪುರ, ಹನಿ ಮಳೆ, ಕೊಡೆ ಇದೆ, ಬಿಡಿಸಲು ಮರೆತು ನಡೆದಿದ್ದೇನೆ, ಹಿಟ್ಟಿನ ಗಿರಣಿಯ ಪಕ್ಕದ ಬಿಲ್ಡಿಂಗು, ಎರಡನೇ ಮಹಡಿ, ಬೆಲ್, ಚಪ್ಪಲಿಯ ಸದ್ದು. ಓ ವನಮಾಲಾ, ಬಲೆ ಬಲೆ, ಉಳಯಿ ಬಲೆ, ಒಳಗೆ ಬಾ ಎಂದು ತುಳುವಿನಲ್ಲೇ ಕರೆದರು, ಬನಿಯನ್ನು, ಪಂಚೆ, ಕುತ್ತಿಗೆಯಲ್ಲಿ ದಾರ ಕಟ್ಟಿ ನೇತುಹಾಕಿದ ಭೂತಗನ್ನಡಿ, ಒದ್ದೆ ಆಗಿದ್ದೀಯಲ್ಲ, ಸರಳಾ ಟವೆಲ್ ಕೊಡು, ಎಂತ ಈ ಕಡೆ, ಗುರುವಾರದ ವಿಷಯ ಹೇಳಿದ್ಳಾ ಇವ್ಳು, ಹೆದರ್ಬೇಡ ಮಾರಾಯ್ತಿ, ಸಣ್ಣ ಆಪರೇಷನ್, ಅದೊಂದು ಆದ್ರೆ ಎಲ್ಲ ಸರಿ ಕಾಣ್ತದೆ. ಚೀಲದಿಂದ ಹಾಳೆ ತೆಗೆದೆ, ಮೊದಲನೆಯದನ್ನು ಬಿಡಿಸಿ ಮೇಜಿನ ಮೇಲಿಟ್ಟೆ, ಅಂಚು ಒದ್ದೆಯಾಗಿದೆ.

ಅವರು ಕೂತರು, ಭೂತಗನ್ನಡಿ ಎತ್ತಿದರು, ಮೇಲಿನಿಂದ ಒಂದೊಂದೇ ಸಾಲು, ತುಟಿ ಅಲ್ಲಾಡುತ್ತದೆ, ಇದು ನಮ್ಮ ಡೀಬಗರಿನದ್ದಲ್ವಾ ಎಂದರು, ಹೌದು, ಹಳೆಯದು, ಅವತ್ತಿನ ಹಾಗೆಯೇ ಎರಡು ಬೋರ್ಡಿಟ್ಟು ಇವತ್ತು ನಾನೇ ಓಡಿಸಿದ್ದು, ಎರಡರಲ್ಲೂ ಬರೆದದ್ದು ಕೂತಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಓಡಿಸಿದೆ, ಮೊದಲನೆಯದಕ್ಕೆ ವಾರ್ನಿಂಗ್ ಬಂತು, ಎರಡನೆಯದಕ್ಕೆ — ಅವರು ಕೈ ಎತ್ತಿ ತಡೆದರು. ಗಾಜು ಇನ್ನೊಂದು ಸಲ ಮೇಲಿನಿಂದ ಕೆಳಗೆ ಬಂತು, ಕೊನೆಯಲ್ಲಿ ನಿಂತಿತು, ಆಮೇಲೆ ಅವರು ದಾರವನ್ನು ತಲೆಯ ಮೇಲಿಂದ ತೆಗೆದು ಭೂತಗನ್ನಡಿಯನ್ನು ಬದಿಗಿಟ್ಟರು, ಬರಿಗಣ್ಣಿನಲ್ಲಿ ಬಗ್ಗಿದರು, ತೋರುಬೆರಳು, ಸೀಳಿದ ಉಗುರು, ಬರೆದು ಮುಗಿಯಿತು ಎಂಬ ಸಾಲಿನ ಕೆಳಗೆ ಬಂದು ಕೂತಿತು. ಇಲ್ಲಿ ಎಂತದೂ ಬರ್ಲಿಲ್ಲ ಎಂದರು. ಬರ್ಲಿಲ್ಲ ಎಂದೆ, ಅವತ್ತೂ ಬಂದಿರ್ಲಿಲ್ಲ, ಬಾರದ ಹಾಗೆ ಮಾಡಿದ್ದು ನಾನು, ನೀವು ನೋಡಿದ್ದು ಸರಿ ಇತ್ತು. ಅವರು ತಲೆ ಎತ್ತಲಿಲ್ಲ, ಅಡುಗೆಕೋಣೆಯಿಂದ ಸರಳಕ್ಕ, ವನಮಾಲಾ ಚಾಕ್ಕೆ ಸಕ್ಕರೆ ಹಾಕ್ಬಹುದಾ, ಎರಡನೆಯ ಹಾಳೆ ನನ್ನ ಕೈಯಲ್ಲೇ ಇದೆ, ಮಡಿಸಿಕೊಂಡೇ ಇದೆ, ಹೇಳಬೇಕಾದದ್ದು ಇನ್ನೂ ಒಂದಿದೆ, ನಿಮ್ಮ ಹೆಸರು, ಹೇಳುತ್ತೇನೆ, ಆ ಬೆರಳು ಎದ್ದರೆ ಹೇಳುತ್ತೇನೆ, ಬೆರಳು ಏಳುತ್ತಿಲ್ಲ, ಒತ್ತಿ ಒತ್ತಿ ಉಗುರಿನ ಕೆಳಗೆ ರಕ್ತ ಸರಿದು ಬೆಳ್ಳಗಾಗಿದೆ, ಖಾಲಿ ಸಾಲು, ಅದರ ಮೇಲೆ ಬೆರಳು, ಬೆರಳು.